ಮಲೆನಾಡಿನ ಮಳೆಯಲ್ಲಿ ಹಳೆಯ ಲಿಮೋಸಿನ್ ಕಾಪಾಡುವ ಬಗೆ

ಚಿಕ್ಕಮಗಳೂರು, ಮೂಡಿಗೆರೆ ಕಡೆಯ ಕಾಫಿ ತೋಟದ ಮನೆಯಲ್ಲಿ ಹಿರಿಯರ ಕಾಲದ ದೊಡ್ಡ ಕಾರೊಂದು ಉಳಿದಿದ್ದರೆ, ಅದನ್ನು ಉಳಿಸಿಕೊಳ್ಳಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಎಂಜಿನ್ ಬಿಚ್ಚಿಸುತ್ತಾರೆ. ಅದು ಲಿಮೋಸಿನ್, ಅಂದರೆ ಚಾಲಕನ ಜಾಗದಿಂದ ಬೇರ್ಪಡಿಸಿದ ಕೋಣೆಯಲ್ಲಿ ಯಜಮಾನರು ಕೂರುವಂಥ ಕಾರು ಆಗಿದ್ದರೆ, ಮೊದಲು ನೋಡಬೇಕಾದದ್ದು ಆ ಹಿಂಬದಿಯ ಕೋಣೆಯನ್ನು. ಎಂಜಿನ್ನಿನ ಭಾಗಗಳನ್ನು ಹುಡುಕಿ ತರಿಸಬಹುದು, ಇಲ್ಲವೇ ಲೇತಿನಲ್ಲಿ ಮಾಡಿಸಬಹುದು. ಚಾಲಕನಿಗೂ ಪ್ರಯಾಣಿಕರಿಗೂ ನಡುವಿನ ಗಾಜಿನ ತಡೆ, ಅದರ ಹಿಂದಿನ ಮಡಚುವ ಆಸನಗಳು, ಬಾಗಿಲಿನ ಮರದ ಅಂಚುಗಳು ಹಾಳಾದರೆ ಅದೇ ಕೆಲಸ ಮತ್ತೆ ಸಿಗುವುದಿಲ್ಲ. ಎರಡನೇ ಮಹಾಯುದ್ಧಕ್ಕೆ ಮುಂಚೆ ರೋಲ್ಸ್-ರಾಯ್ಸ್ ಕಂಪನಿ ಚಾಸಿಸ್ (ಕಾರಿನ ಅಡಿಯ ಚೌಕಟ್ಟು) ಮತ್ತು ಎಂಜಿನ್ ಮಾತ್ರ ಒದಗಿಸುತ್ತಿತ್ತು. ಬಾರ್ಕರ್, ಹೂಪರ್ ಮುಂತಾದವರು ಗಿರಾಕಿಯ ಅಪೇಕ್ಷೆಯಂತೆ ಅದರ ಮೇಲೆ ಬಾಡಿ ಕಟ್ಟುತ್ತಿದ್ದರು. ಆ ಬಾಡಿಯ ಒಳಗೆ ಬಹುಮಟ್ಟಿಗೆ ಇರುವುದು ಆ್ಯಶ್ ಮರದ ಚೌಕಟ್ಟು, ಹೊರಗೆ ಅಲ್ಯೂಮಿನಿಯಂ ಅಥವಾ ಉಕ್ಕಿನ ತಗಡು. ನಮ್ಮ ಹವೆಯಲ್ಲಿ ಗೆದ್ದಲು, ತೇವ ಎರಡೂ ಮೊದಲು ಹಿಡಿಯುವುದು ಈ ಮರವನ್ನೇ.

ಆದ್ದರಿಂದ ಜಾಗದ ಆಯ್ಕೆಯೇ ಮುಖ್ಯ. ಗೊಬ್ಬರದ ಗೋದಾಮಿನಲ್ಲಿ ಕಾರನ್ನು ಎಂದಿಗೂ ನಿಲ್ಲಿಸಬೇಡಿ. ಯೂರಿಯಾದಂಥ ಗೊಬ್ಬರದಿಂದ ಹೊರಡುವ ಅಮೋನಿಯಾ ಹಿತ್ತಾಳೆಯ ದೀಪಗಳಲ್ಲಿ ಬಿರುಕು ಮೂಡಿಸಬಲ್ಲದು. ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ಇಟ್ಟ ಮೈಲುತುತ್ತದ ಪುಡಿ ತೇವದೊಂದಿಗೆ ಅಲ್ಯೂಮಿನಿಯಂ ತಗಡಿಗೆ ತಗುಲಿದರೆ ಅಲ್ಲಲ್ಲಿ ಗುಳಿ ಬೀಳುತ್ತದೆ. ಸಿಮೆಂಟ್ ನೆಲವಿರುವ, ಸೋರದ, ಗಾಳಿಯನ್ನು ಬೇಕೆಂದಾಗ ಬಿಟ್ಟುಕೊಳ್ಳಬಹುದಾದ ಪ್ರತ್ಯೇಕ ಶೆಡ್ ಬೇಕು. ಅಲ್ಲಿ ತೇವಾಂಶ ಅಳೆಯುವ ಮೀಟರ್ ಒಂದನ್ನು ತೂಗುಹಾಕಿ. ಅದು ಶೇ. 50ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು, ಶೇ. 65 ದಾಟಿದರೆ ಬೂಷ್ಟು ಹಿಡಿಯತೊಡಗುತ್ತದೆ, ಶೇ. 40ಕ್ಕಿಂತ ಕೆಳಗೆ ಬಹುಕಾಲ ನಿಂತರೆ ಮರ, ಚರ್ಮ ಒಣಗಿ ಸೀಳುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿ ಮುಚ್ಚಿ ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಓಡಿಸದೆ ಬೇರೆ ದಾರಿಯಿಲ್ಲ. ಕಾರಿನ ಮೇಲೆ ಟಾರ್ಪಾಲು ಹೊದಿಸುವ ರೂಢಿ ನಮ್ಮಲ್ಲಿ ಬಲವಾಗಿದೆ. ಅದು ತೇವವನ್ನು ಒಳಗೇ ಕಟ್ಟಿಹಾಕುವುದರಿಂದ ಹತ್ತಿಬಟ್ಟೆಯ ಹೊದಿಕೆಯನ್ನೇ ಬಳಸಬೇಕು.

ಹಳೆಯ ಲಿಮೋಸಿನ್‌ಗಳಲ್ಲಿ ಚಾಲಕನ ಸೀಟಿಗೆ ಚರ್ಮ, ಯಜಮಾನರ ಸೀಟಿಗೆ ಉಣ್ಣೆಬಟ್ಟೆ ಹಾಕುವುದು ವಾಡಿಕೆಯಾಗಿತ್ತು. ಚಾಲಕ ತೆರೆದ ಜಾಗದಲ್ಲಿ ಕೂರುತ್ತಿದ್ದ ಕಾಲದಲ್ಲಿ ಮಳೆಬಿಸಿಲನ್ನು ಚರ್ಮ ತಾಳಿಕೊಳ್ಳುತ್ತಿತ್ತು. ಎರಡಕ್ಕೂ ಆರೈಕೆ ಬೇರೆ. ಚರ್ಮಕ್ಕೆ ಕೊಬ್ಬರಿ ಎಣ್ಣೆ ಸವರಬೇಡಿ, ಅದು ಬೂಷ್ಟಿಗೆ ಆಹಾರವಾಗುತ್ತದೆ. ಉಣ್ಣೆಗೆ ಹುಳುವಿನ ಕಾಟ ಹೆಚ್ಚು. ಸೀಟನ್ನು ಎತ್ತಿ ಹೊಲಿಗೆಯ ಮಡಿಕೆಗಳನ್ನು ಟಾರ್ಚ್ ಹಿಡಿದು ನೋಡಿ, ವ್ಯಾಕ್ಯೂಮ್ ಕ್ಲೀನರ್‌ನ ಬಾಯಿಗೆ ತೆಳುಬಟ್ಟೆ ಕಟ್ಟಿಕೊಂಡು ಮೆಲ್ಲಗೆ ಧೂಳು ತೆಗೆಯಿರಿ. ಬಟ್ಟೆ ಮಾಸಿದೆ ಎಂಬ ಒಂದೇ ಕಾರಣಕ್ಕೆ ಹೊಸ ರೆಕ್ಸಿನ್ ಹಾಕಿಸುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಟಿಂಕರಿಂಗ್, ಪೇಂಟಿಂಗ್ ವಿಷಯದಲ್ಲೂ ಇದೇ ಮಾತು. ಕೈಹಾಕುವ ಮುನ್ನ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗಿ, ಅಲ್ಲಿನ ಹಳೆಯ ಕಾರುಗಳ ಸಂಗ್ರಹಾಲಯವನ್ನು ನಿಧಾನವಾಗಿ ನೋಡಿಬನ್ನಿ. ನಮ್ಮಷ್ಟೇ ಮಳೆ ಬೀಳುವ ಊರಿನಲ್ಲಿ ಅಷ್ಟು ಕಾರುಗಳನ್ನು ಒಂದೆಡೆ ಕಾಣುವ ಅವಕಾಶ ದೊಡ್ಡದು.

ಓಡಿಸದೆ ನಿಲ್ಲಿಸುವುದಾದರೆ ಬ್ಯಾಟರಿ ತೆಗೆದಿಡಿ. ಟೈರುಗಳ ಮೇಲಿನ ಭಾರ ಇಳಿಸಲು ಸ್ಟ್ಯಾಂಡುಗಳನ್ನು ಚಾಸಿಸ್ ಅಡಿಗಲ್ಲ, ಆಕ್ಸಲ್ ಅಡಿಗೆ ಕೊಡಿ. ಇಲ್ಲವಾದರೆ ಸ್ಪ್ರಿಂಗ್ ಪ್ಲೇಟುಗಳು ಜೋತುಬೀಳುತ್ತವೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಅದು ನೀರನ್ನು ಹೀರಿಕೊಂಡು ಟ್ಯಾಂಕಿಗೆ ತುಕ್ಕು ತರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಮೆತ್ತಗಾಗಿಸುತ್ತದೆ. ಮಳೆಗಾಲಕ್ಕೆ ಮುಂಚೆ ಟ್ಯಾಂಕ್, ಕಾರ್ಬ್ಯುರೇಟರ್ ಖಾಲಿ ಮಾಡಿಸಿ. ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಚಾಲೂ ಮಾಡುವ ಅಭ್ಯಾಸವೂ ಒಳ್ಳೆಯದಲ್ಲ: ಪೂರ್ತಿ ಬಿಸಿಯಾಗದ ಎಂಜಿನ್ನಿನ ಆಯಿಲ್‌ನಲ್ಲೂ ಸೈಲೆನ್ಸರ್‌ನಲ್ಲೂ ನೀರಿನಂಶ ಉಳಿದುಬಿಡುತ್ತದೆ. ಓಡಿಸಿದರೆ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಬೇಕು.

ಅದಕ್ಕೆ ಕಾಗದಪತ್ರ ಸರಿಯಿರಬೇಕು. 50 ವರ್ಷ ದಾಟಿದ, ಮೂಲರೂಪ ಕೆಡದ ಕಾರುಗಳಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನಂಬರಿನಲ್ಲಿ ‘ವಿಎ’ ಅಕ್ಷರಗಳಿರುತ್ತವೆ. ನಿತ್ಯದ ಓಡಾಟಕ್ಕೂ ಬಾಡಿಗೆಗೂ ಇಂಥ ಕಾರನ್ನು ಬಳಸುವಂತಿಲ್ಲ. ಅರ್ಜಿ ಹಾಕುವ ಮೊದಲು ಚಾಸಿಸ್ ನಂಬರ್ ಆರ್‌ಸಿ ಪುಸ್ತಕದೊಂದಿಗೆ ತಾಳೆಯಾಗುತ್ತದೆಯೇ ಎಂದು ಕಣ್ಣಾರೆ ನೋಡಿ, ಅದರ ಫೋಟೋ ತೆಗೆದಿಟ್ಟುಕೊಳ್ಳಿ.