ಮನೆಯಲ್ಲಿ ಮದ್ದು ಬೆರೆಸದೆ ಬಾಣಬಿರುಸಿನ ವಿದ್ಯೆಯನ್ನು ಕಲಿಯುವ ಬಗೆ

ಜಾತ್ರೆಯ ರಾತ್ರಿ ತೇರು ನೆಲೆಗೆ ಬಂದ ಮೇಲೆ ಹಾರಿಸುವ ಬಾಣಬಿರುಸುಗಳನ್ನು ನೋಡಿ, ಇದನ್ನು ತಾವೇ ಮಾಡಬೇಕೆಂಬ ಆಸೆ ಹುಟ್ಟಿದ ಹುಡುಗರು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಪ್ರತಿ ಊರಿನಲ್ಲೂ ಸಿಗುತ್ತಾರೆ. ಆಸೆ ತಪ್ಪಲ್ಲ. ಆದರೆ ಈ ವಿದ್ಯೆಯ ಬಹುಪಾಲನ್ನು ಒಂದು ಚಿಟಿಕೆ ಮದ್ದನ್ನೂ ಬೆರೆಸದೆ ಕಲಿಯಬಹುದು ಮತ್ತು ಹವ್ಯಾಸಿಗಳು ಹಾಗೆಯೇ ಕಲಿಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಕಾನೂನನ್ನು ತಿಳಿದುಕೊಳ್ಳಬೇಕು. 1884ರ ಸ್ಫೋಟಕ ಕಾಯ್ದೆಯ ಪ್ರಕಾರ ಪಟಾಕಿ, ಬಾಣಬಿರುಸುಗಳೂ ಸ್ಫೋಟಕಗಳೇ. 2008ರ ಸ್ಫೋಟಕ ನಿಯಮಗಳಡಿ ಪರವಾನಗಿ ಪಡೆಯದೆ ಅವುಗಳನ್ನು ತಯಾರಿಸುವುದು ಅಪರಾಧವಾಗಿದ್ದು, ಹವ್ಯಾಸಕ್ಕೆಂದು ಮನೆಯ ಮಹಡಿಯ ಮೇಲೆ ಮಾಡಿದರೂ ಅದು ಅಪರಾಧವೇ ಆಗುತ್ತದೆ. ಗಂಧಕವನ್ನು ಕ್ಲೋರೇಟ್ ಎಂಬ ಜಾತಿಯ ಲವಣದೊಡನೆ ಬೆರೆಸಿ ಪಟಾಕಿ ಮಾಡುವುದನ್ನು ಭಾರತದಲ್ಲಿ 1992ರಲ್ಲಿಯೇ ನಿಷೇಧಿಸಲಾಯಿತು. ಆ ಮಿಶ್ರಣಕ್ಕೆ ಬೆಂಕಿ ಬೇಕಿಲ್ಲ, ಸಣ್ಣ ಉಜ್ಜಾಟವೇ ಸಾಕು. ಬೇರೆ ಮಿಶ್ರಣಗಳೂ ಸಿಂಥೆಟಿಕ್ ಬಟ್ಟೆಯಲ್ಲಿ ಹುಟ್ಟುವ ಸ್ಥಿರ ವಿದ್ಯುತ್ತಿನ ಕಿಡಿಗೆ ಹೊತ್ತಿಕೊಳ್ಳಬಲ್ಲವು. ಹತ್ತಾರು ವರ್ಷ ಇದೇ ಕೆಲಸ ಮಾಡಿದವರಿರುವ ಶಿವಕಾಶಿಯ ಕಾರ್ಖಾನೆಗಳಲ್ಲೇ ಮತ್ತೆ ಮತ್ತೆ ಸಾವುಗಳಾಗುತ್ತಿವೆ. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದು ಹತ್ತಕ್ಕೂ ಹೆಚ್ಚು ಜನ ಸತ್ತರು. ಅವರು ಮದ್ದು ಬೆರೆಸುತ್ತಿರಲಿಲ್ಲ, ಸಿದ್ಧ ಪಟಾಕಿಯ ಪೆಟ್ಟಿಗೆಗಳ ನಡುವೆ ಕೆಲಸ ಮಾಡುತ್ತಿದ್ದವರು.

ಹಾಗಾದರೆ ಕಲಿಕೆ ಎಲ್ಲಿಂದ ಆರಂಭವಾಗಬೇಕು? ಬಣ್ಣದಿಂದ. ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಲವಣ ವಿಶ್ಲೇಷಣೆಗಾಗಿ ಮಾಡುವ ಜ್ವಾಲಾ ಪರೀಕ್ಷೆಯೇ ಬಾಣಬಿರುಸಿನ ವರ್ಣಮಾಲೆ. ನಿಮ್ಮ ಊರಿನ ಕಾಲೇಜಿನ ಉಪನ್ಯಾಸಕರನ್ನು ಕೇಳಿಕೊಂಡು, ಅವರ ಎದುರಿನಲ್ಲಿ, ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಿಕೊಂಡು ಅದನ್ನು ನಿಧಾನವಾಗಿ ಮಾಡಿ ನೋಡಿ. ನಿಕ್ರೋಂ ತಂತಿಯ ತುದಿಯನ್ನು ಆಮ್ಲದಲ್ಲಿ ಅದ್ದಿ, ಜ್ವಾಲೆಗೆ ಬಣ್ಣ ಬಾರದಷ್ಟು ಶುದ್ಧವಾಗುವವರೆಗೆ ಕಾಯಿಸಿ, ಬಳಿಕ ಲವಣದ ಕಣವನ್ನು ಅಂಟಿಸಿ ಜ್ವಾಲೆಗೆ ಹಿಡಿದರೆ ಸ್ಟ್ರಾನ್ಷಿಯಂ ಕಡುಗೆಂಪಾಗಿಯೂ, ಕ್ಯಾಲ್ಸಿಯಂ ಇಟ್ಟಿಗೆಗೆಂಪಾಗಿಯೂ, ಬೇರಿಯಂ ಎಳೆ ಹಸಿರಾಗಿಯೂ, ತಾಮ್ರ ನೀಲಿ ಬೆರೆತ ಹಸಿರಾಗಿಯೂ ಉರಿಯುತ್ತದೆ. ಬೇರಿಯಂ ಲವಣಗಳು ವಿಷ. ಕೈ ತೊಳೆಯದೆ ಹೊರಗೆ ಬರಬಾರದು. ಪಟಾಕಿಗಳಲ್ಲಿ ಅವುಗಳ ಬಳಕೆಯನ್ನು ಸುಪ್ರೀಂ ಕೋರ್ಟ್ 2018ರಲ್ಲಿ ನಿಷೇಧಿಸಿದೆ.

ಈ ಪರೀಕ್ಷೆಯಲ್ಲಿ ಎಲ್ಲರನ್ನೂ ಕಾಡುವುದು ಸೋಡಿಯಂ. ಬೆರಳಿನ ಬೆವರು ತಾಗಿದ ತಂತಿ ಕೂಡ ಹಳದಿಯಾಗಿ ಉರಿದು ಉಳಿದ ಬಣ್ಣಗಳನ್ನು ಮುಚ್ಚಿಬಿಡುತ್ತದೆ. ಉಪ್ಪು ಹಾಕಿದ ಬೇಳೆಯ ಕಟ್ಟು ಉಕ್ಕಿ ಗ್ಯಾಸ್ ಒಲೆಯ ಮೇಲೆ ಚೆಲ್ಲಿದಾಗ ನೀಲಿ ಜ್ವಾಲೆ ತಟ್ಟನೆ ಹಳದಿಯಾಗುವುದನ್ನು ಅಡುಗೆಮನೆಯಲ್ಲಿ ನೋಡಿಯೇ ಇರುತ್ತೀರಿ. ಅದೂ ಇದೇ ಸೋಡಿಯಂ. ಕೋಬಾಲ್ಟ್ ನೀಲಿ ಗಾಜಿನ ಮೂಲಕ ನೋಡಿದರೆ ಹಳದಿ ಮರೆಯಾಗುತ್ತದೆ. ಆಕಾಶದಲ್ಲಿ ಅಚ್ಚ ನೀಲಿ ಏಕೆ ಅಪರೂಪ ಎಂಬುದಕ್ಕೂ ಇಲ್ಲಿ ಉತ್ತರವಿದೆ: ನೀಲಿಯನ್ನು ಕೊಡುವ ತಾಮ್ರದ ಕ್ಲೋರೈಡ್ ಅಣು ಹೆಚ್ಚು ಶಾಖಕ್ಕೆ ಒಡೆದುಹೋಗುತ್ತದೆ, ಶಾಖ ಕಡಿಮೆಯಾದರೆ ಬೆಳಕೇ ಮಂಕಾಗುತ್ತದೆ. ಆದ್ದರಿಂದ ಜಾತ್ರೆಯಲ್ಲಿ ಒಳ್ಳೆಯ ನೀಲಿ ಕಂಡರೆ ಅದನ್ನು ಮಾಡಿದವರ ಕೈಚಳಕವನ್ನು ಮೆಚ್ಚಲೇಬೇಕು.

ಹಳೆಯ ಸಿ.ಡಿ.ಯ ತುಂಡನ್ನು ಶೂ ಡಬ್ಬದೊಳಗೆ ಓರೆಯಾಗಿ ಅಂಟಿಸಿ, ಎದುರು ಬದಿಯಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟರೆ ಬೆಳಕನ್ನು ಅದರ ಬಣ್ಣಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕ ಮನೆಯಲ್ಲೇ ಸಿದ್ಧವಾಗುತ್ತದೆ. ಅದರಲ್ಲಿ ಬಲ್ಬಿನ ಬೆಳಕು ಕಾಮನಬಿಲ್ಲಿನ ಪಟ್ಟಿಯಾಗಿ ಕಾಣುತ್ತದೆ, ಉಪ್ಪು ಬಿದ್ದ ಜ್ವಾಲೆ ಒಂದೇ ಹಳದಿ ಗೆರೆಯಾಗಿ ಎದ್ದು ಕಾಣುತ್ತದೆ. ಸೂರ್ಯನತ್ತ ಮಾತ್ರ ಅದನ್ನು ಹಿಡಿಯಬಾರದು.

ಬಣ್ಣದ ನಂತರ ಕಿಡಿ. ಸುರುಸುರುಬತ್ತಿಯ ಕಿಡಿ ಹಾರಿದ ಮೇಲೆ ಕವಲೊಡೆಯುವುದು ಕಬ್ಬಿಣದ ಪುಡಿಯಲ್ಲಿರುವ ಇಂಗಾಲದಿಂದ. ಇದನ್ನು ತಿಳಿಯಲು ಸುರುಸುರುಬತ್ತಿಯೂ ಬೇಕಿಲ್ಲ. ತುಮಕೂರಿನ ಅಂತರಸನಹಳ್ಳಿಯಂಥ ಕೈಗಾರಿಕಾ ಪ್ರದೇಶದ ಯಾವುದಾದರೂ ವರ್ಕ್‌ಶಾಪಿನಲ್ಲಿ ಮಾಲೀಕರ ಒಪ್ಪಿಗೆ ಪಡೆದು, ಗ್ರೈಂಡಿಂಗ್ ಚಕ್ರಕ್ಕೆ ಮೆದು ಉಕ್ಕನ್ನೂ ಲೋಹ ಉಜ್ಜುವ ಹಳೆಯ ಅರವನ್ನೂ (ಫೈಲ್) ಒಂದಾದ ಮೇಲೊಂದು ಹಿಡಿಯುವಾಗ ದೂರದಿಂದ ಗಮನಿಸಿ. ಮೆದು ಉಕ್ಕಿನ ಕಿಡಿ ನೀಳವಾಗಿ ನೇರವಾಗಿ ಹೋಗುತ್ತದೆ. ಇಂಗಾಲ ಹೆಚ್ಚಿರುವ ಅರದ ಕಿಡಿ ತುದಿಯಲ್ಲಿ ಒಡೆದು ಹೂವಾಗುತ್ತದೆ. ಬೆಳ್ಳಿಯಂಥ ಬಿಳಿ ಕಿಡಿಗಳು ಅಲ್ಯೂಮಿನಿಯಂ, ಟೈಟಾನಿಯಂಗಳವು. ನಿಧಾನವಾಗಿ ಇಳಿಯುವ ಹೊಂಬಣ್ಣ ಹೆಚ್ಚಾಗಿ ಇದ್ದಿಲಿನದು.

ಇಷ್ಟು ತಿಳಿದ ಮೇಲೆ ಪ್ರದರ್ಶನ ನೋಡುವುದೇ ಒಂದು ಅಭ್ಯಾಸವಾಗುತ್ತದೆ. ಗಾಳಿಗೆ ಬೆನ್ನು ಮಾಡಿ, ಹಾರಿಸುವ ಜಾಗದಿಂದ ಸಾಕಷ್ಟು ದೂರ ನಿಂತುಕೊಳ್ಳಿ. ಬೆಳಕು ಕಂಡ ಕ್ಷಣದಿಂದ ಸದ್ದು ಕೇಳುವವರೆಗಿನ ಸೆಕೆಂಡುಗಳನ್ನು 340ರಿಂದ ಗುಣಿಸಿದರೆ ಸಿಡಿದ ಜಾಗ ಎಷ್ಟು ಮೀಟರ್ ದೂರದಲ್ಲಿದೆ ಎಂಬುದು ಹೆಚ್ಚುಕಡಿಮೆ ಸಿಗುತ್ತದೆ. ಕೋನಮಾಪಕಕ್ಕೆ ದಾರ, ಕಲ್ಲು ಕಟ್ಟಿ ಕೋನವನ್ನೂ ಅಳೆದುಕೊಂಡರೆ ಹತ್ತನೇ ತರಗತಿಯ ತ್ರಿಕೋನಮಿತಿಯೇ ಎತ್ತರವನ್ನು ಹೇಳುತ್ತದೆ. ಫೋಟೊ ತೆಗೆಯುವವರು ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಐಎಸ್‌ಒ 100, ಅಪರ್ಚರ್ ಎಫ್ 8ರಿಂದ 11, ಎರಡರಿಂದ ನಾಲ್ಕು ಸೆಕೆಂಡಿನ ಎಕ್ಸ್‌ಪೋಷರ್ ಇಟ್ಟುಕೊಂಡು, ಫೋಕಸನ್ನು ಕೈಯಾರೆ ದೂರಕ್ಕೆ ನಿಲ್ಲಿಸಬೇಕು. ಹೊಗೆ ಕವಿಯುವ ಮೊದಲಿನ ಕೆಲವು ನಿಮಿಷಗಳಲ್ಲೇ ಒಳ್ಳೆಯ ಚಿತ್ರಗಳು ಸಿಗುತ್ತವೆ.

ಇದರಾಚೆಗೂ ಕೈಯಾರೆ ಕಲಿಯಬೇಕೆನ್ನುವವರು 18 ವರ್ಷ ತುಂಬಿದ ಮೇಲೆ, ಪರವಾನಗಿ ಹೊಂದಿ ಪ್ರದರ್ಶನ ನಡೆಸುವವರ ಬಳಿ ಸಹಾಯಕರಾಗಿ ಸೇರಬೇಕು. ಅಲ್ಲಿ ಮೊದಲು ಸಿಗುವುದು ಹಗ್ಗ ಕಟ್ಟಿ ಜನರನ್ನು ದೂರವಿಡುವ, ಮರಳು ಮತ್ತು ನೀರು ತುಂಬಿಡುವ ಕೆಲಸ. ಅದನ್ನು ಕೀಳೆಂದು ಎಣಿಸದೆ ಮಾಡಿ. ಸಿಡಿಯದೆ ಉಳಿದದ್ದರ ಬಳಿಗೆ ಯಾವಾಗ ಹೋಗಬೇಕು, ಅದನ್ನು ಏನು ಮಾಡಬೇಕು ಎಂಬುದನ್ನು ಹಿರಿಯರಿಂದಲೇ ಕಲಿಯಿರಿ. ಅವರು ಹೇಳುವವರೆಗೆ ಅದನ್ನು ಮುಟ್ಟಬೇಡಿ, ಮತ್ತೆ ಹಚ್ಚಲು ಹೋಗಬೇಡಿ, ಬಿಚ್ಚಿ ನೋಡಬೇಡಿ.