ಜೆರೇನಿಯಂ ಕಡ್ಡಿ ಕೊಳೆಯದಂತೆ ಬೇರು ಬರಿಸುವುದು ಹೇಗೆ?

ಜನವರಿಯಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ನೋಡಿ ಬಂದವರು ಆಸೆಯಿಂದ ಜೆರೇನಿಯಂ ಕೊಳ್ಳುತ್ತಾರೆ. ಆಗಸ್ಟ್ ಹೊತ್ತಿಗೆ ಕುಂಡದಲ್ಲಿ ಕಪ್ಪು ಕಡ್ಡಿ ಮಾತ್ರ ಉಳಿದಿರುತ್ತದೆ. ಎಷ್ಟು ಮನೆಗಳಲ್ಲಿ ಇದನ್ನು ನೋಡಿದ್ದೇನೋ! ನಾವು ಜೆರೇನಿಯಂ ಎನ್ನುವ ಈ ಗಿಡದ ಸರಿಯಾದ ಹೆಸರು ಪೆಲಾರ್ಗೋನಿಯಂ. ತವರು ದಕ್ಷಿಣ ಆಫ್ರಿಕಾ. ದಪ್ಪ ಕಾಂಡದಲ್ಲಿ ನೀರು ಕೂಡಿಟ್ಟುಕೊಂಡು ಒಣಹವೆ ತಡೆಯುತ್ತದೆ. ಸಾಯುವುದು ನೀರು ಜಾಸ್ತಿಯಾಗಿ.

ಕುಂಡ ಮಣ್ಣಿನದೇ ಇರಲಿ. ಕೆಂಪು ಮಣ್ಣು, ದಪ್ಪ ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಸಮಪಾಲು ಸಾಕು. ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿ ಮಾರುವ ಗಿಡ ತಂದರೆ ಮೊದಲು ಮಣ್ಣು ಬದಲಿಸಿ. ಕೋಕೋಪೀಟ್ ಮಳೆಗಾಲದಲ್ಲಿ ಒಣಗುವುದೇ ಇಲ್ಲ.

ಎಲ್ಲರೂ ಎಡವುವುದು ಕಡ್ಡಿ ನೆಡುವಾಗ. ಬೆಂಗಳೂರು, ಮೈಸೂರು ಕಡೆ ಮಳೆ ಹಿಂದಾದ ಮೇಲೆ, ನವೆಂಬರ್‌ನಲ್ಲಿ ನೆಡಿ. ಹೂವಿಲ್ಲದ, ಹಸಿರಾದ ತುದಿಯನ್ನು 3–4 ಇಂಚು ಉದ್ದಕ್ಕೆ, ಗೆಣ್ಣಿನ ಸ್ವಲ್ಪ ಕೆಳಗೆ ಹೊಸ ಬ್ಲೇಡಿನಿಂದ ಕೊಯ್ಯಿರಿ. ಮೊಂಡು ಕತ್ತರಿ ಕಾಂಡವನ್ನು ಜಜ್ಜುತ್ತದೆ, ಜಜ್ಜಿದ ಜಾಗವೇ ಕೊಳೆಯುತ್ತದೆ. ಮೇಲಿನ ಎರಡು ಮೂರು ಎಲೆ ಬಿಟ್ಟು ಉಳಿದವನ್ನೂ ಮೊಗ್ಗನ್ನೂ ತೆಗೆಯಿರಿ. ಗೆಣ್ಣಿಗೆ ಅಂಟಿಕೊಂಡಿರುವ ಚಿಕ್ಕ ಸಿಪ್ಪೆಯಂಥ ಎಲೆಗಳನ್ನೂ ಬಿಡಬೇಡಿ.

ಈಗ ತಕ್ಷಣ ನೆಡಬೇಡಿ. ಕಡ್ಡಿಗಳನ್ನು ನೆರಳಲ್ಲಿ ಒಂದು ರಾತ್ರಿ ಸುಮ್ನೆ ಇಡಿ. ಎಲೆ ಸ್ವಲ್ಪ ಬಾಡುತ್ತದೆ, ಹೆದರಬೇಡಿ. ಕೊಯ್ದ ಗಾಯ ಒಣಗಿ ಮುಚ್ಚಿಕೊಳ್ಳಬೇಕು. ಬೆಳಿಗ್ಗೆ ತೊಳೆದ ಮರಳಿಗೆ ಒಂದೂವರೆ ಇಂಚು ಊರಿ, ಒಮ್ಮೆ ನೀರು ಹಾಕಿ. ಮತ್ತೆ ನೀರು ಹಾಕುವುದು ಬೆರಳಿಟ್ಟು ನೋಡಿದಾಗ ಮರಳು ಒಣಗಿದ್ದರೆ ಮಾತ್ರ. ಗುಲಾಬಿ ಕಡ್ಡಿಗೆ ಮಾಡಿದಂತೆ ಪ್ಲಾಸ್ಟಿಕ್ ಚೀಲ ಮುಚ್ಚಲೇಬೇಡಿ. ಒಳಗೆ ತೇವ ನಿಂತರೆ ಪಿಥಿಯಂ ಎಂಬ ರೋಗಾಣು ಬುಡವನ್ನು ಕಪ್ಪಾಗಿಸುತ್ತದೆ. ಹಾಗೆ ಕಪ್ಪಾದ ಕಡ್ಡಿ ಉಳಿಯುವುದಿಲ್ಲ. ಮರಳಿನ ಸಮೇತ ಎಸೆಯಿರಿ. ಬೇರು ಬರಿಸುವ ಪುಡಿಗೂ ದುಡ್ಡು ಹಾಕಬೇಡಿ, ಜೆರೇನಿಯಂಗೆ ಅದು ಬೇಕಿಲ್ಲ.

ಮೂರು ನಾಲ್ಕು ವಾರದಲ್ಲಿ ಹೊಸ ಎಲೆ ಕಂಡರೆ ಬೇರು ಬಂತು ಎಂದೇ ಲೆಕ್ಕ. ಕುಂಡಕ್ಕೆ ಬದಲಿಸಿ, ತುದಿ ಚಿವುಟಿ, ಬೆಳಗಿನ ಬಿಸಿಲಿಗಿಡಿ.

ಬಾಡಿದ ಹೂಗೊಂಚಲನ್ನು ದಂಟಿನ ಸಮೇತ ಬುಡದಲ್ಲೇ ಮುರಿಯಿರಿ. ಜೂನ್ ಬಂತೆಂದರೆ ಕುಂಡವನ್ನು ಸೂರಿನಡಿಗೆ ಸರಿಸಿ. ವಾರಕ್ಕೊಮ್ಮೆ ಎಲೆ ತಿರುಗಿಸಿ ನೋಡಿ: ಅಡಿಯಲ್ಲಿ ಕಂದು ಪುಡಿಯ ಉಂಗುರ ಕಂಡರೆ ಅದು ತುಕ್ಕು ರೋಗ. ಆ ಎಲೆಗಳನ್ನು ಅಂದೇ ಕಿತ್ತುಹಾಕಿ, ಗೊಬ್ಬರದ ಗುಂಡಿಗೆ ಮಾತ್ರ ಹಾಕಬೇಡಿ.