ಆತಂಕದ ಮಾತ್ರೆ: ನುಂಗುವ ಮೊದಲು ಸ್ಟ್ರಿಪ್ ತಿರುಗಿಸಿ ಓದಿ

ಎದೆ ಡವಡವ, ಕೈ ಬೆವರು, ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ವಾರಗಟ್ಟಲೆ ಹೀಗೇ ನಡೆದ ಮೇಲೆ ಡಾಕ್ಟರ ಹತ್ತಿರ ಹೋಗಿರುತ್ತೀರಿ, ಅವರು ಮಾತ್ರೆ ಬರೆದುಕೊಟ್ಟಿರುತ್ತಾರೆ. ತೆಗೆದುಕೊಳ್ಳಲು ಹೆದರಬೇಕಿಲ್ಲ, ನಾಚಿಕೆಯೂ ಬೇಡ. ಆದರೆ ಆತಂಕಕ್ಕೆ ಹೆಚ್ಚಾಗಿ ಕೊಡುವ ಮಾತ್ರೆಗಳಲ್ಲಿ ಎರಡು ಗುಂಪುಗಳಿವೆ, ಎರಡೂ ಕೆಲಸ ಮಾಡುವ ರೀತಿ ಪೂರ್ತಿ ಬೇರೆ. ತಾವು ನುಂಗುತ್ತಿರುವುದು ಯಾವ ಗುಂಪಿನದು ಅಂತ ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ಅಪಾಯ ಶುರುವಾಗುವುದು ಅಲ್ಲಿಂದಲೇ.

1. ಔಷಧಿಯ ಹೆಸರು ಹುಡುಕಿ

ದೊಡ್ಡಕ್ಷರದ ಬ್ರ್ಯಾಂಡ್ ಹೆಸರು ಬಿಡಿ, ಅದು ಕಂಪನಿಯವರು ಇಟ್ಟಿದ್ದು. ಸಣ್ಣಕ್ಷರದಲ್ಲಿ ಔಷಧಿಯ ನಿಜವಾದ ಹೆಸರು ಇರುತ್ತದೆ. ಆಲ್ಪ್ರಜೋಲಾಮ್, ಕ್ಲೋನಜೆಪಾಮ್, ಲೊರಜೆಪಾಮ್, ಡಯಜೆಪಾಮ್ ಅಂತಿದ್ದರೆ ಅದು ಬೆಂಜೋಡಯಜೆಪಿನ್ ಗುಂಪು. ಎಟಿಜೋಲಾಮ್ ಕೂಡ ಇವುಗಳ ಹತ್ತಿರದ್ದೇ. ಎಸ್ಸಿಟಾಲೋಪ್ರಾಮ್, ಸರ್ಟ್ರಾಲಿನ್ ಅಂತಿದ್ದರೆ ಇನ್ನೊಂದು ಗುಂಪು, ಮಿದುಳಿನ ಸೆರಟೋನಿನ್ ಅನ್ನುವ ರಾಸಾಯನಿಕದ ಮೇಲೆ ಕೆಲಸ ಮಾಡುವ ಎಸ್‌ಎಸ್‌ಆರ್‌ಐ.

ಇಲ್ಲಿ ಒಂದು ವಿಷಯ ಸರಿಯಾಗಿ ಗಮನಿಸಿ. ನಮ್ಮ ದೇಶದಲ್ಲಿ ಎರಡೂ ಗುಂಪಿನ ಔಷಧಿ ಸೇರಿಸಿದ ಒಂದೇ ಮಾತ್ರೆ ತುಂಬಾ ಚಾಲ್ತಿಯಲ್ಲಿದೆ. ಎಸ್ಸಿಟಾಲೋಪ್ರಾಮ್ 10 ಮಿಲಿಗ್ರಾಂ, ಕ್ಲೋನಜೆಪಾಮ್ 0.5 ಮಿಲಿಗ್ರಾಂ ಅಂತ ಸ್ಟ್ರಿಪ್ ಮೇಲೆ ಎರಡು ಸಾಲು ಕಂಡರೆ ನಿಮ್ಮದು ಅದೇ. ಮೊದಲನೆಯದನ್ನು ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕಾಗುತ್ತದೆ, ಎರಡನೆಯದು ಸಾಮಾನ್ಯವಾಗಿ ಕೆಲವೇ ವಾರಕ್ಕೆ ಸಾಕು. ಎರಡೂ ಒಂದರಲ್ಲೇ ಇದ್ದಾಗ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಬಿಡುವುದು ಹೇಗೆ? ಆಗುವುದಿಲ್ಲ. ಹಾಗಾಗಿ ಕ್ಲೋನಜೆಪಾಮ್ ವರ್ಷಗಟ್ಟಲೆ ಹೊಟ್ಟೆಗೆ ಹೋಗುತ್ತಲೇ ಇರುತ್ತದೆ. ಎರಡನ್ನೂ ಬೇರೆ ಬೇರೆ ಬರೆದುಕೊಡಿ ಅಂತ ಡಾಕ್ಟರನ್ನು ಕೇಳಿ, ಕೇಳುವುದರಲ್ಲಿ ತಪ್ಪೇನಿಲ್ಲ.

2. ಯಾವುದರಿಂದ ಏನಾಗುತ್ತದೆ, ತಿಳಿದುಕೊಳ್ಳಿ

ಮಿದುಳಿನ ಚಟುವಟಿಕೆಯನ್ನು ತಗ್ಗಿಸುವ ಗಾಬಾ ಅನ್ನುವ ರಾಸಾಯನಿಕ ನಮ್ಮೊಳಗೇ ಇದೆ. ಬೆಂಜೋಡಯಜೆಪಿನ್ ಅದರ ಬಲ ಹೆಚ್ಚಿಸುತ್ತದೆ. ಅರ್ಧ-ಒಂದು ಗಂಟೆಯಲ್ಲೇ ಮೈ ಸಡಿಲ, ಮನಸ್ಸು ಹಗುರ. ಪ್ಯಾನಿಕ್ ಬಂದು ಉಸಿರೇ ನಿಂತಂತಾದಾಗ, ಫಿಟ್ಸ್ ಬಂದಾಗ, ಆಪರೇಷನ್‌ಗೆ ಮುಂಚೆ ಇದರ ಉಪಕಾರ ದೊಡ್ಡದು, ಅದನ್ನು ಅಲ್ಲಗಳೆಯುವಂತಿಲ್ಲ. ಈ ಗುಂಪಿನ ಮಾತ್ರೆಗಳಾದ ಲಿಬ್ರಿಯಮ್ 1960ರಲ್ಲಿ, 1963ರಲ್ಲಿ ವೇಲಿಯಮ್ ಮಾರುಕಟ್ಟೆಗೆ ಬಂದಾಗ ಹಳೆಯ ಬಾರ್ಬಿಟ್ಯುರೇಟ್ ನಿದ್ದೆ ಮಾತ್ರೆಗಳಿಗಿಂತ ಇವು ಎಷ್ಟೋ ಸುರಕ್ಷಿತ ಅಂತ ಡಾಕ್ಟರುಗಳು ಧಾರಾಳವಾಗಿ ಬರೆದರು. ಮೈಗೆ ಒಗ್ಗಿಹೋಗುತ್ತದೆ, ಬಿಡುವುದು ಕಷ್ಟ ಅಂತ ಎಲ್ಲರಿಗೂ ಮನದಟ್ಟಾಗಲು ವರ್ಷಗಳೇ ಹಿಡಿದವು.

ಎಸ್‌ಎಸ್‌ಆರ್‌ಐ ಹಾಗಲ್ಲ. ಎರಡರಿಂದ ಆರು ವಾರ ಕಾಯಬೇಕು. ಶುರುವಿನ ದಿನಗಳಲ್ಲಿ ಹೊಟ್ಟೆ ತೊಳಸುತ್ತದೆ, ಚಡಪಡಿಕೆ ಜಾಸ್ತಿಯೇ ಆಗಬಹುದು. ನಾಲ್ಕೇ ದಿನಕ್ಕೆ ಇದು ನನಗೆ ಆಗಿಬರಲ್ಲ ಅಂತ ಬಿಟ್ಟುಬಿಡುವವರು ಬಹಳ. ಬಿಡಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಸಾಯಬೇಕು ಅನ್ನುವ ಯೋಚನೆ ಬಂದರೆ ಮಾತ್ರ ಒಂದು ದಿನವೂ ತಡಮಾಡಬೇಡಿ, ವಯಸ್ಸು ಚಿಕ್ಕದಿದ್ದವರಲ್ಲಿ ಇದನ್ನು ವಿಶೇಷವಾಗಿ ನೋಡುತ್ತಿರಬೇಕು.

3. "ಎಷ್ಟು ದಿನ?" ಅಂತ ಮೊದಲ ಭೇಟಿಯಲ್ಲೇ ಕೇಳಿ

ಆತಂಕಕ್ಕೆ ಬೆಂಜೋಡಯಜೆಪಿನ್ ಎರಡರಿಂದ ನಾಲ್ಕು ವಾರ ಮೀರಬಾರದು ಅಂತ ಬ್ರಿಟನ್‌ನಲ್ಲಿ 1988ರಿಂದಲೇ ಸಲಹೆ ಇದೆ. ಚೀಟಿಯ ಮೇಲೆಯೇ ನಿಲ್ಲಿಸುವ ದಿನವನ್ನು ಬರೆಸಿಕೊಳ್ಳಿ. ಇಲ್ಲದಿದ್ದರೆ ಅದೇ ಹಳೇ ಚೀಟಿ ಹಿಡಿದು ಮೆಡಿಕಲ್‌ಗೆ ಹೋಗುವುದು ಅಭ್ಯಾಸವಾಗಿಬಿಡುತ್ತದೆ, ಅಲ್ವಾ? ಆಲ್ಪ್ರಜೋಲಾಮ್, ಡಯಜೆಪಾಮ್‌ನಂಥವು ನಮ್ಮ ದೇಶದಲ್ಲಿ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಈ ನಿಯಮದಂತೆ ಅಂಗಡಿಯವರು ಡಾಕ್ಟರ ಹೆಸರು, ರೋಗಿಯ ಹೆಸರು, ಕೊಟ್ಟ ಮಾತ್ರೆಯ ಲೆಕ್ಕವನ್ನೆಲ್ಲ ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಚೀಟಿ ಕೇಳಿದರೆ ಅವರ ಮೇಲೆ ರೇಗಬೇಡಿ. ಕೇಳದೆ ಕೊಡುವ ಅಂಗಡಿಗೆ ಹೋಗಲೇಬೇಡಿ.

4. ಯಾವುದರ ಜೊತೆ ಸೇರಬಾರದು

ಬೆಂಜೋಡಯಜೆಪಿನ್ ಹೆಂಡದ ಜೊತೆ ಬೇಡವೇ ಬೇಡ. ಟ್ರಮಡಾಲ್‌ನಂಥ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ ಕೂಡ ಹಾಗೆಯೇ: ಎರಡೂ ಸೇರಿದರೆ ನಿದ್ದೆಯಲ್ಲೇ ಉಸಿರು ನಿಧಾನವಾಗಿ ಜೀವಕ್ಕೇ ಕುತ್ತು. ಯಾರಾದರೂ ಹೀಗೆ ಎಬ್ಬಿಸಿದರೂ ಏಳದಂತೆ ಮಲಗಿದ್ದರೆ ಅಮಲು ಇಳಿಯಲಿ ಅಂತ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಇನ್ನೊಂದು ಯಾರೂ ಹೇಳದ ಮಾತು. ಹುಳುಕಡ್ಡಿಗೆ ಚರ್ಮದ ಡಾಕ್ಟರು ಇಟ್ರಕೊನಜೋಲ್ ಕೊಡುತ್ತಾರೆ, ನಮ್ಮ ಸೆಕೆಯ ಊರುಗಳಲ್ಲಿ ಇದು ಮಾಮೂಲು. ಈ ಔಷಧಿ ಆಲ್ಪ್ರಜೋಲಾಮ್ ಮೈಯಿಂದ ಹೊರಹೋಗುವುದನ್ನು ತಡೆಯುತ್ತದೆ. ಮಾತ್ರೆ ಅಷ್ಟೇ ನುಂಗಿದ್ದರೂ ಪರಿಣಾಮ ಏರುತ್ತದೆ. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಲೇಬಾರದು.

ಮನೆಯಲ್ಲಿ ಅಜ್ಜ-ಅಜ್ಜಿಗೆ ನಿದ್ದೆ ಬರಲಿ ಅಂತ ನಿಮ್ಮ ಮಾತ್ರೆಯಲ್ಲಿ ಅರ್ಧ ಮುರಿದು ಕೊಡುತ್ತೀರಾ? ದಯವಿಟ್ಟು ನಿಲ್ಲಿಸಿ. ರಾತ್ರಿ ಬಚ್ಚಲಿಗೆ ಎದ್ದಾಗ ತೂರಾಡಿ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ, ಕೆಲವರಿಗೆ ಮರೆವು, ಗೊಂದಲ ಹೆಚ್ಚಾಗುತ್ತದೆ. ಅದನ್ನು ಮನೆಯವರು ವಯಸ್ಸಿನ ಮೇಲೆ ಹಾಕುತ್ತಾರೆ. ಬೈಕ್, ಟ್ರ್ಯಾಕ್ಟರ್ ಓಡಿಸುವವರೂ ಮಂಪರು ಇರುವಷ್ಟು ದಿನ ಕೀ ಮುಟ್ಟಬಾರದು. ಗರ್ಭಿಣಿಯಾಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

5. ಒಮ್ಮೆಲೇ ನಿಲ್ಲಿಸಬೇಡಿ

ಇದು ಎಲ್ಲಕ್ಕಿಂತ ಮುಖ್ಯ. ವಾರಗಟ್ಟಲೆ ದಿನಾ ತೆಗೆದುಕೊಂಡ ಬೆಂಜೋಡಯಜೆಪಿನ್ ಅನ್ನು ಧೈರ್ಯ ಮಾಡಿ ಒಂದು ದಿನ ಎಸೆದುಬಿಟ್ಟರೆ ನಿದ್ದೆ ಹಾರಿಹೋಗುತ್ತದೆ, ಕೈ ನಡುಗುತ್ತದೆ, ಬೆವರು ಕಿತ್ತುಬರುತ್ತದೆ, ಕೆಲವರಿಗೆ ಫಿಟ್ಸೇ ಬರುತ್ತದೆ. ತೆಲಂಗಾಣದಲ್ಲಿ ಕಲಬೆರಕೆ ಸೇಂದಿಗೆ ಆಲ್ಪ್ರಜೋಲಾಮ್ ಬೆರೆಸುವ ದಂಧೆ ಇದೆ. ಅದು ಸಿಗದೇ ಹೋದಾಗ, ಕುಡಿಯುತ್ತಿದ್ದವರು ಫಿಟ್ಸ್ ಬಂದು, ಏನೇನೋ ಬಡಬಡಿಸುತ್ತಾ ಆಸ್ಪತ್ರೆ ಸೇರಿದ್ದುಂಟು.

ಆಲ್ಪ್ರಜೋಲಾಮ್‌ನ ಕಾಟ ಇನ್ನೂ ಸೂಕ್ಷ್ಮ. ನುಂಗಿದ ಮೇಲೆ ಸುಮಾರು 11 ಗಂಟೆಗಳಲ್ಲಿ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಮುಂದಿನ ಮಾತ್ರೆಯ ಹೊತ್ತಿಗೆ ಮುಂಚೆಯೇ ಎದೆ ಹೊಡೆದುಕೊಳ್ಳಲು ಶುರು. ಕಾಯಿಲೆ ಜಾಸ್ತಿ ಆಯಿತು ಅಂತ ಹೆದರಿ ಇನ್ನೊಂದು ನುಂಗುತ್ತೀರಿ, ಆದರೆ ಅದು ಮಾತ್ರೆ ಇಳಿಯುವ ಲಕ್ಷಣವೂ ಆಗಿರಬಹುದು. ಇಂಥವರಿಗೆ ನಿಧಾನವಾಗಿ ಇಳಿಯುವ ಡಯಜೆಪಾಮ್‌ಗೋ ಕ್ಲೋನಜೆಪಾಮ್‌ಗೋ ಬದಲಾಯಿಸಿ ಆಮೇಲೆ ಡಾಕ್ಟರು ಪ್ರಮಾಣ ತಗ್ಗಿಸುವುದುಂಟು. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇಕಡ 5ರಿಂದ 10ರಷ್ಟು ಕಡಿಮೆ ಮಾಡುತ್ತಾ ಹೋಗುವುದು ಈಗಿನ ಪದ್ಧತಿ. ತಿಂಗಳುಗಳೇ ಬೇಕಾಗಬಹುದು, ಕೊನೆಯ ಚೂರು ಬಿಡುವುದೇ ಎಷ್ಟೋ ಜನಕ್ಕೆ ಕಷ್ಟ. ಅವಸರ ಮಾಡಬೇಡಿ. ಎಸ್‌ಎಸ್‌ಆರ್‌ಐ ಕೂಡ ಹಂತಹಂತವಾಗಿಯೇ ಬಿಡಬೇಕು, ಇಲ್ಲದಿದ್ದರೆ ತಲೆಸುತ್ತು, ಕಿರಿಕಿರಿ.

6. ಸಹಾಯ ಎಲ್ಲಿ ಸಿಗುತ್ತದೆ

ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇರುತ್ತಾರೆ. ಟೆಲಿ ಮಾನಸ್ ಸಹಾಯವಾಣಿ 14416, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆಯ ಬಗ್ಗೆಯೂ ಅಲ್ಲಿ ವಿಚಾರಿಸಿ. ಮಾತ್ರೆ ತಗ್ಗಿಸಲು ಶುರು ಮಾಡುವ ಹೊತ್ತಿಗೇ ಅದನ್ನೂ ಹಿಡಿದರೆ ಬಿಡುವ ದಾರಿ ಸ್ವಲ್ಪ ಸಲೀಸಾಗುತ್ತದೆ.